ಊರಿನ ಗಾಡಿಗಳು ಶೋಕೇಸಿಗೆ: ಮಾದರಿ ಕಾರು ಕೂಡಿಡಲು ಹೊರಟವರಿಗೆ

ಗಲ್ಫಿಗೆ ಹೋಗಿ ಬಂದವರಿರುವ ಮನೆಗಳು ಕಾಸರಗೋಡಿನಲ್ಲಿ ಬೇಕಾದಷ್ಟಿವೆ. ಅಂಥ ಮನೆಯ ಚಾವಡಿಯ ಶೋಕೇಸನ್ನು ಒಮ್ಮೆ ಸರಿಯಾಗಿ ನೋಡಿ. ಪಿಂಗಾಣಿ ಗೊಂಬೆ, ಖಾಲಿ ಸೆಂಟು ಬಾಟಲಿಗಳ ಹಿಂದೆ ಎಲ್ಲೋ ಒಂದು ಪುಟ್ಟ ಕಾರು ಇರುತ್ತದೆ. ಬಣ್ಣ ಅಲ್ಲಲ್ಲಿ ಎದ್ದಿರುತ್ತದೆ, ಒಂದು ಚಕ್ರ ಓರೆಯಾಗಿರುತ್ತದೆ. ಕೈಗೆತ್ತಿಕೊಂಡರೆ ಗಾತ್ರಕ್ಕೆ ಮೀರಿದ ಭಾರ. ತಿರುಗಿಸಿದರೆ ಅಡಿಯಲ್ಲಿ ಮ್ಯಾಚ್‌ಬಾಕ್ಸ್ ಎಂದೋ ಮಾಜೊರೆಟ್ ಎಂದೋ ಕಂಪನಿಯ ಹೆಸರು ಅಚ್ಚಾಗಿರುತ್ತದೆ. "ಅದು ಮಾವ ದುಬೈಯಿಂದ ತಂದದ್ದು, ಮುಟ್ಟಬೇಡ" ಎಂದು ಒಳಗಿನಿಂದ ಯಾರಾದರೂ ಕೂಗುತ್ತಾರೆ. ನಿಮ್ಮ ಸಂಗ್ರಹ ಶುರುವಾಗಬೇಕಾದದ್ದು ಅಲ್ಲಿಂದ, ಆನ್‌ಲೈನ್ ಅಂಗಡಿಯಿಂದಲ್ಲ.

ಮಾದರಿ ಕಾರು ಕೂಡಿಡುವವರಲ್ಲಿ ನಾನಾ ಬಗೆ. ಫೆರಾರಿ, ಪೋರ್ಷೆ ಸಾಲಾಗಿ ಇಡುವವರಿದ್ದಾರೆ. ಪ್ಯಾಕೆಟ್ಟೇ ಒಡೆಯದೆ ಗೋಡೆಗೆ ತೂಗುಹಾಕುವವರಿದ್ದಾರೆ. ಅವರವರ ಇಷ್ಟ. ಆದರೆ ಅಪರೂಪದ ಕಾರಿನ ಬೆನ್ನು ಹತ್ತಿದರೆ ಮುಗಿಯುವ ಹಾದಿಯಲ್ಲ ಅದು, ದುಡ್ಡಿದ್ದವರು ಯಾವಾಗಲೂ ನಿಮಗಿಂತ ಮುಂದೆ ಇರುತ್ತಾರೆ. ಬದಿಯಡ್ಕ ಪೇಟೆಯ ತಿರುವಿನಲ್ಲಿ ನಿಂತಿದ್ದ ಬಾಡಿಗೆ ಜೀಪು, ಅತ್ತೆಯ ದಿಬ್ಬಣ ಹೊತ್ತ ಅಂಬಾಸಿಡರ್, ಅಡಿಕೆ ಮೂಟೆ ಹೇರಿಕೊಂಡು ಹೋಗುತ್ತಿದ್ದ ಲಾರಿ, ಇವು ನಿಮ್ಮ ಹತ್ತಿರ ಮಾತ್ರ ಇರಬಹುದಾದ ಕಾರುಗಳು. ಅವನ್ನು ಅಂಗೈ ಅಗಲಕ್ಕೆ ತಂದು ಇಡುವುದು ಹೇಗೆ ಅನ್ನುವುದಷ್ಟೇ ಇಲ್ಲಿನ ವಿಷಯ.

ಮೊದಲು ಪಟ್ಟಿ, ಆಮೇಲೆ ಅಂಗಡಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ನಿಮ್ಮ ಮನೆಯವರ ಬದುಕಿನಲ್ಲಿ ಬಂದು ಹೋದ ಗಾಡಿಗಳನ್ನೆಲ್ಲ ಬರೆಯಿರಿ. ಸ್ವಂತದ್ದೇ ಆಗಬೇಕೆಂದಿಲ್ಲ. ನಮ್ಮ ಕಡೆ ಕಾರು ಇಟ್ಟುಕೊಂಡಿದ್ದ ಮನೆಗಳು ಮೊದಲು ಎಷ್ಟಿದ್ದವು? ಹೆಚ್ಚಿನವರಿಗೆ ಕಾರು ಅಂದರೆ ಬಾಡಿಗೆಯದ್ದೇ. ಮದುವೆಗೆ ಒಂದು ಸಲ, ಮಂಗಳೂರಿನ ಆಸ್ಪತ್ರೆಗೆ ಒಂದು ಸಲ, ಬೊಂಬಾಯಿಗೆ ಹೊರಟವರನ್ನು ರೈಲು ಹತ್ತಿಸಲು ಒಂದು ಸಲ. ಉಳಿದಂತೆ ಸರ್ವೀಸ್ ಜೀಪು, ಇಲ್ಲವೇ ಬಸ್ಸು.

ಹಿರಿಯರನ್ನು ಕೇಳುವಾಗ "ಯಾವ ಕಾರು ಇತ್ತು?" ಎಂದು ಕೇಳಿದರೆ "ಏನೋ ಒಂದು ಬಿಳಿ ಕಾರು" ಎಂಬಲ್ಲಿಗೆ ಮಾತು ಮುಗಿಯುತ್ತದೆ. ಬೇರೆ ರೀತಿ ಕೇಳಬೇಕು. ಅದನ್ನು ಎಲ್ಲಿ ನಿಲ್ಲಿಸುತ್ತಿದ್ದರು? ಮಳೆಗಾಲದಲ್ಲಿ ನಮ್ಮ ಗುಡ್ಡೆ ಹತ್ತುತ್ತಿತ್ತಾ? ಯಾರು ಎಲ್ಲಿ ಕೂರುತ್ತಿದ್ದರು? ಹಿಂದಿನ ಸಾಲಿನಲ್ಲಿ ಯಾರಿಗೆ ವಾಂತಿ ಬರುತ್ತಿತ್ತು? ನಮ್ಮ ಮಾವನ ಹತ್ತಿರ "ಆಗಿನ ಜೀಪಿನಲ್ಲಿ ಎಷ್ಟು ಜನ ಹಿಡಿಸುತ್ತಿದ್ದರು?" ಎಂದು ಕೇಳಿದೆ. "ಒಳಗೆ ಕೂತವರನ್ನು ಮಾತ್ರ ಲೆಕ್ಕ ಮಾಡುವುದಾ, ಹಿಂದೆ ನೇತಾಡುವವರನ್ನೂ ಸೇರಿಸುವುದಾ?" ಎಂದರು. ಆಮೇಲೆ ಅವರು ತಾವಾಗಿಯೇ ಜೀಪಿನ ಬಣ್ಣ, ಟರ್ಪಾಲಿನ ತೂತು, ಡ್ರೈವರಿನ ಪಕ್ಕ ಕೂರಲು ನಡೆಯುತ್ತಿದ್ದ ಪೈಪೋಟಿ ಎಲ್ಲವನ್ನೂ ಹೇಳಿದರು. ಇಂಥ ಮಾತು ಶುರುವಾದಾಗ ಫೋನಿನ ರೆಕಾರ್ಡರ್ ಒತ್ತಿ ಪಕ್ಕಕ್ಕಿಡಿ, ಬರೆಯುತ್ತ ಕೂರಬೇಡಿ.

ಇನ್ನೊಂದು ದೊಡ್ಡ ನಿಧಿ ಮದುವೆ ಆಲ್ಬಮ್. ಫೋಟೋಗ್ರಾಫರ್ ತೆಗೆದದ್ದು ಮದುಮಗಳನ್ನು. ನೀವು ನೋಡಬೇಕಾದದ್ದು ಅವಳ ಹಿಂದಿರುವ ಕಾರನ್ನು. ಬಂಪರ್, ಜಾಲರಿ, ಕನ್ನಡಿ, ಮೇಲಿನ ಕ್ಯಾರಿಯರ್ ಇವು ಕಂಡರೆ ಗಾಡಿಯ ಕಾಲ ಗೊತ್ತಾಗುತ್ತದೆ. ಅಂಬಾಸಿಡರ್‌ನಲ್ಲಿ 1975ರ ಮಾರ್ಕ್ 3, 1979ರ ಮಾರ್ಕ್ 4 ಎಂದು ಮುಖ ಬದಲಾಗುತ್ತ ಹೋಯಿತು. ಮಾರುತಿ 800 ಮೊದಲು ಬಂದದ್ದು 1983ರ ಡಿಸೆಂಬರಿನಲ್ಲಿ, ಚೌಕ ಮೈಯ ಪುಟ್ಟ ಗಾಡಿ. ನಾವು ಈಗ ಮಾರುತಿ ಎಂದಾಗ ಕಣ್ಣ ಮುಂದೆ ಬರುವ ರೂಪ 1986ರ ನಂತರದ್ದು. ಹೂವಿನ ಮಾಲೆಯ ಎಡೆಯಲ್ಲಿ ಇಣುಕುವ ಅರ್ಧ ಹೆಡ್‌ಲೈಟ್ ಸಾಕು, ಯಾವುದು ಎಂದು ಹೇಳಬಹುದು. ಆ ಫೋಟೋವನ್ನು ಹಗಲು ಬೆಳಕಿನಲ್ಲಿ ಫೋನಿನಿಂದ ತೆಗೆದಿಟ್ಟುಕೊಳ್ಳಿ.

ಅಳತೆ ಒಂದನ್ನು ಹಿಡಿಯಿರಿ

1:43 ಎಂದರೆ ನಿಜವಾದ ಗಾಡಿಯ 43ರಲ್ಲಿ ಒಂದು ಪಾಲು. ಅಂಬಾಸಿಡರ್ ಉದ್ದ ಸುಮಾರು 4.3 ಮೀಟರ್. 1:64ರಲ್ಲಿ ಅದು ಆರೂಮುಕ್ಕಾಲು ಸೆಂಟಿಮೀಟರ್, 1:43ರಲ್ಲಿ 10, 1:18ರಲ್ಲಿ 24. ಹತ್ತು ಕಾರು 1:18ರಲ್ಲಿ ಇಡುತ್ತೇನೆ ಎಂದರೆ ಶೋಕೇಸ್ ಅಲ್ಲ, ಗೋದ್ರೇಜ್ ಕಪಾಟು ಬೇಕು.

1:43 ಬಂದದ್ದು ಆಟಿಕೆ ರೈಲಿನಿಂದ. ಇಂಗ್ಲೆಂಡಿನಲ್ಲಿ ಓ ಗೇಜ್ ಎಂಬ ಅಳತೆಯ ಆಟಿಕೆ ರೈಲುಗಳ ಪಕ್ಕದಲ್ಲಿ ಇಡಲೆಂದು ಕಾರು ಮಾಡತೊಡಗಿದರು, ಆ ಅಳತೆಯೇ ನಿಂತಿತು. ಇಂಗ್ಲೆಂಡಿನ ಡಿಂಕಿ, ಕಾರ್ಗಿ ಕಂಪನಿಗಳ ಹಳೆಯ ಕಾರುಗಳು ಹೆಚ್ಚುಕಡಿಮೆ ಇದೇ ಆಸುಪಾಸಿನವು. 1:64 ಹಾಟ್ ವೀಲ್ಸ್, ಮಾಜೊರೆಟ್‌ಗಳ ಲೋಕ. ಹಾಟ್ ವೀಲ್ಸ್ 1968ರಲ್ಲಿ 16 ಕಾರುಗಳೊಂದಿಗೆ ಶುರುವಾಯಿತು. ಆದರೆ ಒಂದು ವಿಷಯ: ಹಾಟ್ ವೀಲ್ಸ್‌ನಲ್ಲಿ ಎಲ್ಲವೂ ಸರಿಯಾಗಿ 1:64 ಅಲ್ಲ. ಪ್ಯಾಕೆಟ್ಟಿಗೆ ಹಿಡಿಸಲೆಂದು ಲಾರಿಯನ್ನು ಕುಗ್ಗಿಸುತ್ತಾರೆ, ಸಣ್ಣ ಕಾರನ್ನು ಹಿಗ್ಗಿಸುತ್ತಾರೆ. ಬಸ್ಸೂ ಮಾರುತಿಯೂ ಒಂದೇ ಉದ್ದ ಆಗಿ ಬಿಟ್ಟರೆ ಪಕ್ಕ ಪಕ್ಕ ಇಟ್ಟಾಗ ನಗು ಬರುತ್ತದೆ.

ಊರಿನ ನೆನಪಿನ ಸಂಗ್ರಹಕ್ಕೆ ನನ್ನ ಓಟು 1:43ಕ್ಕೆ. ನಂಬರ್ ಪ್ಲೇಟು ಓದುವಷ್ಟು ದೊಡ್ಡದು, ಹತ್ತು ಹದಿನೈದು ಗಾಡಿ ಶೋಕೇಸಿನ ಒಂದೇ ತಟ್ಟಿನಲ್ಲಿ ಹಿಡಿಸುವಷ್ಟು ಸಣ್ಣದು. ಕೈಯಲ್ಲಿ ಕಾಸು ಕಡಿಮೆ ಇದ್ದರೆ 1:64ರಲ್ಲೇ ಶುರುಮಾಡಿ, ಅಡ್ಡಿಯಿಲ್ಲ. ಮಾವ ತಂದ ಹಳೆ ಕಾರು ಯಾವ ಅಳತೆಯದ್ದಾದರೂ ಸರಿ, ಅದಕ್ಕೆ ಈ ಕಾನೂನು ಅನ್ವಯಿಸುವುದಿಲ್ಲ.

ನಮ್ಮ ಗಾಡಿ ಸಿಗದಿದ್ದರೆ ಅದರ ನೆಂಟರನ್ನು ಹುಡುಕಿ

ಪಟ್ಟಿ ಹಿಡಿದು ಹೊರಟವರಿಗೆ ಮೊದಲ ನಿರಾಸೆ ಇಲ್ಲಿ. ಭಾರತದ ಗಾಡಿಗಳ ಒಳ್ಳೆಯ ಮಾದರಿಗಳು ಕಡಿಮೆ. ಪ್ಲಾಸ್ಟಿಕ್ಕಿನದಾದರೆ ಸೆಂಟಿ ಕಂಪನಿಯ ಅಂಬಾಸಿಡರ್, ಆಟೋರಿಕ್ಷಾ, ಬಸ್ಸುಗಳು ಸುಲಭವಾಗಿ ಸಿಗುತ್ತವೆ. ಹಿಂದಕ್ಕೆಳೆದು ಬಿಟ್ಟರೆ ಓಡುವಂಥವು, ಬೆಲೆಯೂ ಕಡಿಮೆ. ಅವನ್ನು ಆಟಿಕೆ ಎಂದು ಮೂಗು ಮುರಿಯುವವರಿದ್ದಾರೆ. ನಾನಂತೂ ಮುರಿಯುವುದಿಲ್ಲ. ಸ್ವಲ್ಪ ಬಣ್ಣ, ಸರಿಯಾದ ನಂಬರ್ ಪ್ಲೇಟು ಹಾಕಿದರೆ ಚೆನ್ನಾಗಿಯೇ ಕಾಣುತ್ತವೆ. ವಿದೇಶಿ ಟ್ಯಾಕ್ಸಿ ಸರಣಿಗಳಲ್ಲಿ 1:43ರ ಲೋಹದ ಅಂಬಾಸಿಡರ್ ಕೂಡ ಬಂದಿದೆ, ಹಳೆ ಮಾಲು ಮಾರುವವರ ಹತ್ತಿರ ಆಗಾಗ ಕಾಣಿಸುತ್ತದೆ.

ಆದರೆ ನಮ್ಮ ಹಳೆಯ ಗಾಡಿಗಳಲ್ಲಿ ಹೆಚ್ಚಿನವು ಹೊರಗಿನಿಂದ ಬಂದ ಮನೆತನದವು. ಅವುಗಳ ಅಣ್ಣತಮ್ಮಂದಿರು ಬೇರೆ ದೇಶಗಳಲ್ಲಿದ್ದಾರೆ, ಮಾದರಿಗಳೂ ಅಲ್ಲಿ ಧಾರಾಳ ಇವೆ. ಅಂಬಾಸಿಡರಿನ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಅದಕ್ಕಿಂತ ಮುಂಚಿನ ಲ್ಯಾಂಡ್‌ಮಾಸ್ಟರ್‌ನದ್ದು ಸೀರೀಸ್ 2. ಪ್ರೀಮಿಯರ್ ಪದ್ಮಿನಿ ಹುಡುಕುವವರು ಇಟಲಿಯ ಫಿಯೆಟ್ 1100 ಡಿ ಎಂದು ಹುಡುಕಬೇಕು. ಮಾರುತಿ 800ಕ್ಕೆ ಸುಜುಕಿ ಆಲ್ಟೊ, ಓಮ್ನಿಗೆ ಸುಜುಕಿ ಕ್ಯಾರಿ, ಜಿಪ್ಸಿಗೆ ಸುಜುಕಿಯ ಎಸ್‌ಜೆ 410. ಸ್ಟ್ಯಾಂಡರ್ಡ್ ಹೆರಾಲ್ಡ್ ಎಂದರೆ ಟ್ರಯಂಫ್ ಹೆರಾಲ್ಡ್, ಅದನ್ನು ಡಿಂಕಿಯೂ ಕಾರ್ಗಿಯೂ ಮಾಡಿದ್ದವು. ಕಾಂಟೆಸಾಕ್ಕೆ ವಾಕ್ಸ್‌ಹಾಲ್ ವಿಎಕ್ಸ್.

ಲಾರಿಗಳಿಗೂ ಇದೇ ದಾರಿ. ಟಾಟಾ 1954ರಿಂದ 1969ರ ತನಕ ಜರ್ಮನಿಯ ಮರ್ಸಿಡಿಸ್ ಬೆಂಜ್ ಜೊತೆ ಸೇರಿ ಲಾರಿ ಮಾಡುತ್ತಿತ್ತು. ಮುಂದೆ ಗುಂಡನೆಯ ಮೂಗಿದ್ದ ಆ ಲಾರಿಯನ್ನು ನಮ್ಮವರು ಇನ್ನೂ ಬೆಂಜ್ ಲಾರಿ ಎಂದೇ ಕರೆಯುತ್ತಾರಲ್ಲ, ಅದೇ. ಆ ಕಾಲದ ಬೆಂಜ್ ಲಾರಿಯ ಮಾದರಿಗಳನ್ನು ಜರ್ಮನಿಯ ವೀಕಿಂಗ್ ಕಂಪನಿ 1:87ರಲ್ಲಿ ಮಾಡಿದೆ. ಬಹಳ ಪುಟ್ಟದು, ಆದರೆ ಮೂಗು ತಪ್ಪುವುದಿಲ್ಲ. ಅಶೋಕ್ ಲೇಲ್ಯಾಂಡ್ ಶುರುವಿನಲ್ಲಿ ಮಾಡಿದ್ದು ಇಂಗ್ಲೆಂಡಿನ ಲೇಲ್ಯಾಂಡ್ ಕಾಮೆಟ್. ಡಿಂಕಿಯವರು ಕಾಮೆಟ್ ಲಾರಿಯನ್ನೂ ಮಾಡಿದ್ದರು. ಈಗ ಅದರ ಬೆಲೆ ಕೇಳಿದರೆ ತಲೆ ತಿರುಗುತ್ತದೆ, ಬಣ್ಣ ಹೋದದ್ದು ಸಿಕ್ಕರೆ ನೋಡಿ.

ಜೀಪಿನ ವಿಷಯದಲ್ಲಿ ಸ್ವಲ್ಪ ಎಚ್ಚರ. ಅಂಗಡಿಯಲ್ಲಿ ಸಿಗುವ ಜೀಪಿನ ಮಾದರಿಗಳಲ್ಲಿ ಹೆಚ್ಚಿನವು ಎರಡನೇ ಮಹಾಯುದ್ಧದ ವಿಲ್ಲಿಸ್. ಸೇನೆಯ ಹಸಿರು, ಬಾನೆಟ್ಟಿನ ಮೇಲೆ ಬಿಳಿ ನಕ್ಷತ್ರ, ಬಾನೆಟ್ ತಗ್ಗು. ನಮ್ಮಲ್ಲಿ ಓಡಿದ ಮಹೀಂದ್ರಾದ ಹಳೆ ಜೀಪು ವಿಲ್ಲಿಸ್ ಸಿಜೆ 3ಬಿ ನಮೂನೆಯದ್ದು. ಅದರ ಎಂಜಿನ್ ಎತ್ತರ, ಹಾಗಾಗಿ ಬಾನೆಟ್ಟೂ ಜಾಲರಿಯೂ ಎತ್ತರ. ಪಕ್ಕದಿಂದ ನೋಡಿದರೆ ಗಲ್ಲ ಎತ್ತಿ ನಿಂತ ಹಾಗೆ ಕಾಣುತ್ತದೆ. ಹುಡುಕುವಾಗ ಸಿಜೆ 3ಬಿ ಎಂದೇ ಹುಡುಕಿ. 1:43ರಲ್ಲಿ ಅದು ಏಳೂಮುಕ್ಕಾಲು ಸೆಂಟಿಮೀಟರ್ ಇರಬೇಕು. ಮೇಲಿನ ಟರ್ಪಾಲು ಮಾಡಲು ಮೆತ್ತಗಿನ ಟಿಶ್ಯೂ ಕಾಗದ ಸಾಕು. ಫೆವಿಕಾಲಿಗೆ ಅಷ್ಟೇ ನೀರು ಬೆರೆಸಿ, ಕಾಗದವನ್ನು ತಂತಿಯ ಚೌಕಟ್ಟಿನ ಮೇಲೆ ಹೊದೆಸಿ, ಬ್ರಷ್ಷಿನಲ್ಲಿ ತೇವ ಮಾಡುತ್ತ ಹೋಗಿ. ಒಣಗುವ ಮುಂಚೆ ಹಿಂದಿನ ಪರದೆಯನ್ನು ಬೆರಳಿನಿಂದ ಸುರುಳಿ ಸುತ್ತಿ ಮೇಲಕ್ಕೆ ಕಟ್ಟಿದಂತೆ ಮಾಡಿ. ಒಣಗಿದ ಮೇಲೆ ಮಾಸಲು ಖಾಕಿ ಬಣ್ಣ ತೆಳ್ಳಗೆ ಎಳೆಯಿರಿ. ಹೊಸ ಟರ್ಪಾಲಿನಂತೆ ಕಂಡರೆ ಕೆಲಸ ಕೆಟ್ಟಿತು ಎಂದೇ ಅರ್ಥ. ಅಂಥದ್ದನ್ನು ನಮ್ಮಲ್ಲಿ ಯಾರು ನೋಡಿದ್ದಾರೆ?

ಬಸ್ಸು ಬೇಕಾದವರಿಗೆ ಇಲ್ಲಿ ಒಂದು ಅನುಕೂಲ ಇದೆ. ಕೇರಳದಲ್ಲಿ ಫೋರೆಕ್ಸ್ ಎಂಬ ಹಗುರ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಬಸ್ಸಿನ ಮಾದರಿ ಮಾಡುವ ಹುಡುಗರು ಬೇಕಾದಷ್ಟಿದ್ದಾರೆ. ಲೈಟು ಉರಿಯುತ್ತದೆ, ಬೋರ್ಡು ಬದಲಾಗುತ್ತದೆ, ಒಳಗೆ ಸೀಟಿನ ಸಾಲು ಕೂಡ. ಹೇಳಿ ಮಾಡಿಸುವುದಾದರೆ ಅಳತೆ ಮೊದಲೇ ಮಾತಾಡಿ. ಹನ್ನೊಂದು ಮೀಟರಿನ ಬಸ್ಸು 1:43ರಲ್ಲಿ 26 ಸೆಂಟಿಮೀಟರ್ ಆಗುತ್ತದೆ, 1:24ರಲ್ಲಿ 46. ಅವರು ಸಾಮಾನ್ಯವಾಗಿ ದೊಡ್ಡದನ್ನೇ ಮಾಡುತ್ತಾರೆ, ಕೆಲಸಕ್ಕೆ ಸುಲಭ.

ಕೊಳ್ಳುವಾಗ

ಮೊದಲು ಅಟ್ಟ, ಆಮೇಲೆ ನೆಂಟರ ಮನೆ, ಆಮೇಲೆ ಗುಜರಿ ಅಂಗಡಿ. ಮಧೂರು, ಕುಂಬಳೆ ಜಾತ್ರೆಯ ಸಂತೆಯಲ್ಲಿ ಒಂದು ಸುತ್ತು ಹಾಕಿ, ಸೆಂಟಿ ಅಂಬಾಸಿಡರ್ ಅಂಥದ್ದು ಅಲ್ಲಿ ಸಿಕ್ಕರೂ ಸಿಕ್ಕೀತು. ಹೊಸದು ಬೇಕಾದರೆ ಮಂಗಳೂರಿನ ಆಟಿಕೆ ಅಂಗಡಿಗಳು, ಮಾಲ್‌ಗಳು. ಹಾಟ್ ವೀಲ್ಸ್‌ನ ಸಾಮಾನ್ಯ ಕಾರಿಗೆ 200 ರೂಪಾಯಿಯ ಆಸುಪಾಸು. ಅದನ್ನೇ ಆನ್‌ಲೈನಿನಲ್ಲಿ ಯಾರಾದರೂ 800ಕ್ಕೆ ಹೇಳಿದರೆ ಸುಮ್ನೆ ಮುಂದೆ ಹೋಗಿ. ಅಂಗಡಿಯವನ ಡಬ್ಬ ಒಡೆಯುವ ಮುಂಚೆ ಎತ್ತಿಕೊಂಡು ಹೋಗಿ ಮಾರುವವರ ಆಟ ಅದು.

ವಿದೇಶದಿಂದ ಅಂಚೆಯಲ್ಲಿ ತರಿಸುವುದು ಈಗ ದುಬಾರಿ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ ಶೇ. 70 ಆಯಿತು. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ, ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ಸಿಕ್ಕಿಹಾಕಿಕೊಳ್ಳುವುದೂ ಉಂಟು. ಶಾರ್ಜಾದಲ್ಲಿರುವ ಭಾವನೋ ಗೆಳೆಯನೋ ಊರಿಗೆ ಬರುವಾಗ ಬ್ಯಾಗಿನಲ್ಲಿ ಒಂದೆರಡು ತಂದರೆ ಅದೇ ಒಳ್ಳೆಯ ದಾರಿ. ಹಾಗೆ ಬಂದ ಕಾರಿಗೆ ಕಥೆಯೂ ತಾನಾಗಿ ಸೇರಿಕೊಳ್ಳುತ್ತದೆ.

ಹಳೆಯದ್ದನ್ನು ಕೊಳ್ಳುವ ಮುಂಚೆ ಕೈಗೆ ತೆಗೆದುಕೊಂಡು ತಿರುಗಿಸಿ. ಅಡಿಯಲ್ಲಿ ಎರಡು ರಿವೆಟ್ ಕಾಣುತ್ತವೆ. ಅದರ ತಲೆ ಕೊರೆದಿದ್ದರೆ, ಸ್ಕ್ರೂ ಹಾಕಿದ್ದರೆ ಯಾರೋ ಬಿಚ್ಚಿದ್ದಾರೆ. ಹಾಗೆಂದು ಬಿಡಬೇಕಾಗಿಲ್ಲ, ಬೆಲೆ ಇಳಿಸಬೇಕು ಅಷ್ಟೇ. ಅಡಿಯಲ್ಲಿ ಅಚ್ಚಾದ ಇಸವಿ ಆ ಕಾರು ತಯಾರಾದ ಇಸವಿ ಎಂದುಕೊಳ್ಳಬೇಡಿ. ಅದು ಅಚ್ಚಿನ ಹಕ್ಕಿನ ವರ್ಷ. 1982 ಎಂದು ಬರೆದದ್ದು ಎಷ್ಟೋ ವರ್ಷ ಕಳೆದು ಬೇರೆ ದೇಶದ ಕಾರ್ಖಾನೆಯಲ್ಲಿ ಆಗಿರಬಹುದು. ಆಯಸ್ಕಾಂತ ಹಿಡಿದು ನೋಡಿ. ಮೈಗೆ ಅಂಟಬಾರದು, ಏಕೆಂದರೆ ಈ ಕಾರುಗಳ ಮೈ ಸತುವಿನ ಮಿಶ್ರಲೋಹ. ಅಂಟುವುದು ಚಕ್ರ ಜೋಡಿಸುವ ಉಕ್ಕಿನ ಅಚ್ಚುಗಡ್ಡಿಗೆ, ಕೆಲವು ಹಳೆಯ ಕಾರುಗಳಲ್ಲಿ ತಗಡಿನ ತಳಕ್ಕೆ. ಅಡಿಯಲ್ಲಿ ನಿಕ್ಕಿ ಟಾಯ್ಸ್ ಎಂದಿದ್ದರೆ ಬಿಡಬೇಡಿ. ಡಿಂಕಿಯ ಹಳೆ ಅಚ್ಚುಗಳನ್ನು ತರಿಸಿಕೊಂಡು ಕಲ್ಕತ್ತಾದಲ್ಲಿ ಮಾಡಿದ ಕಾರುಗಳು ಅವು. ಎರಕ ಒರಟು, ಬಣ್ಣ ದಪ್ಪ, ಆದರೂ ನಮ್ಮ ದೇಶದ್ದೇ.

ಬಾನೆಟ್ಟಿನಲ್ಲೋ ಬಾಗಿಲಿನ ಅಂಚಿನಲ್ಲೋ ಕೂದಲೆಳೆಯಂಥ ಬಿರುಕು, ಮೈ ಉಬ್ಬಿದ ಹಾಗೆ ಕಂಡರೆ ಮಾತ್ರ ಕೈಬಿಡಿ. ಸತುವಿನಲ್ಲಿ ಸೀಸದಂಥ ಕಲಬೆರಕೆ ಸೇರಿದ್ದರೆ ಲೋಹ ಒಳಗಿನಿಂದಲೇ ಒಡೆಯುತ್ತ ಬರುತ್ತದೆ, ಕೊನೆಗೆ ಪುಡಿಯಾಗುತ್ತದೆ. ಮಹಾಯುದ್ಧಕ್ಕಿಂತ ಮುಂಚಿನ ಡಿಂಕಿಗಳಲ್ಲಿ ಇದು ಜಾಸ್ತಿ. ಮದ್ದಿಲ್ಲ. ಪಕ್ಕದ ಕಾರಿಗೆ ಹರಡುತ್ತದೆ ಎಂದು ಹೆದರಿಸುವವರಿದ್ದಾರೆ, ಹಾಗೇನೂ ಇಲ್ಲ.

ಮನೆಯಲ್ಲಿ ಸಿಕ್ಕಿದ ಹಳೆಯ ಕಾರಿಗೆ ಹೊಸ ಬಣ್ಣ ಬಳಿಯಬೇಡಿ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪು ಎರಡು ಹನಿ, ಮೆತ್ತನೆಯ ಬ್ರಷ್, ಅಷ್ಟು ಸಾಕು. ಕಾಗದದ ಸ್ಟಿಕ್ಕರ್ ಇದ್ದಲ್ಲಿಗೆ ನೀರು ತಾಗಿಸಬೇಡಿ. ಥಿನ್ನರ್, ಪೆಟ್ರೋಲ್, ನೈಲ್ ಪಾಲಿಶ್ ತೆಗೆಯುವ ದ್ರವ ಯಾವುದೂ ಬೇಡ. ಒಣಗಿದ ಮೇಲೆ ಅಚ್ಚುಗಡ್ಡಿಗೆ ಸೂಜಿಯ ತುದಿಯಿಂದ ಹೊಲಿಗೆ ಮೆಷಿನ್ನಿನ ಎಣ್ಣೆ ಒಂದು ಚೂರು. ಎದ್ದ ಬಣ್ಣ ಹಾಗೇ ಇರಲಿ. ಅದನ್ನು ಎಬ್ಬಿಸಿದ್ದು ನೀವೇ ಅಲ್ವಾ, ಜಗಲಿಯ ಸಿಮೆಂಟಿನ ಮೇಲೆ ಉಜ್ಜಿ ಉಜ್ಜಿ.

ಹೊಸದಾಗಿ ಕೊಂಡ ಮಾದರಿಗೆ ಬಣ್ಣ ಬದಲಿಸುವುದು ಬೇರೆ ಮಾತು. ಸಂಗ್ರಹಗಾರರ ಭಾಷೆಯಲ್ಲಿ ಅದಕ್ಕೆ ಕೋಡ್ 3 ಎನ್ನುತ್ತಾರೆ: ಕಂಪನಿಗೆ ಸಂಬಂಧವಿಲ್ಲದೆ ಬೇರೆಯವರು ಬದಲಾಯಿಸಿದ್ದು. ಮುಂದೆ ಮಾರುವಾಗ ಅದನ್ನು ಹೇಳಿಯೇ ಮಾರಬೇಕು.

ನಂಬರ್ ಪ್ಲೇಟು

ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದದ್ದು ಇದು. ಯಾವುದೋ ದೇಶದ ಫಿಯೆಟ್ ನಮ್ಮ ಊರಿನ ಫಿಯೆಟ್ ಆಗುವುದು ಈ ಹನ್ನೊಂದು ಮಿಲಿಮೀಟರಿನಲ್ಲಿ.

ಉದ್ದನೆಯ ಪ್ಲೇಟಿನ ಅಳತೆ 500 ಮತ್ತು 120 ಮಿಲಿಮೀಟರ್. 1:43ಕ್ಕೆ ಅದು 11.6 ಮತ್ತು 2.8. 1:24ಕ್ಕೆ 20.8 ಮತ್ತು 5. 1:18ಕ್ಕೆ 27.8 ಮತ್ತು 6.7. ಕಂಪ್ಯೂಟರಿನಲ್ಲಿ ಈ ಅಳತೆಯ ಚೌಕ ಮಾಡಿ ಒಳಗೆ ನಂಬರ್ ಬರೆದು, ಪೇಟೆಯ ಸ್ಟುಡಿಯೋದಲ್ಲಿ ಫೋಟೋ ಕಾಗದದ ಮೇಲೆ ಪ್ರಿಂಟ್ ಹಾಕಿಸಿ. ಒಂದೇ ಹಾಳೆಯಲ್ಲಿ ಎಲ್ಲ ಗಾಡಿಗಳದ್ದೂ ಆಗುತ್ತದೆ. ಸ್ಟುಡಿಯೋದವರಿಗೆ ಅಳತೆ ದೊಡ್ಡದು ಮಾಡಬೇಡಿ ಎಂದು ಎರಡೆರಡು ಸಲ ಹೇಳಿ, ಇಲ್ಲದಿದ್ದರೆ ಹಾಳೆ ತುಂಬಿಸಿಕೊಡುತ್ತಾರೆ. ಹೊಸ ಬ್ಲೇಡಿನಿಂದ, ಸ್ಟೀಲ್ ಸ್ಕೇಲ್ ಇಟ್ಟು ಕತ್ತರಿಸಿ. ಕತ್ತರಿಸಿದ ಅಂಚು ಬೆಳ್ಳಗೆ ಕಾಣುತ್ತದೆ, ಅದಕ್ಕೆ ಕಪ್ಪು ಮಾರ್ಕರ್ ಒಮ್ಮೆ ಎಳೆಯಿರಿ. ಅಂಟಿಸಲು ಫೆವಿಕಾಲ್ ಒಂದು ಚುಕ್ಕಿ ಸಾಕು. ಫೆವಿಕ್ವಿಕ್ ಬೇಡ. ಅದರ ಆವಿ ಗಾಜಿನ ಭಾಗಕ್ಕೆ ಬಿಳಿ ಮಂಜಿನ ಹಾಗೆ ಕೂತುಬಿಡುತ್ತದೆ, ಉಜ್ಜಿದರೆ ಹೋಗುವುದಿಲ್ಲ.

ಯಾವ ನಂಬರ್? ಕಾಲ ನೋಡಿ ಹಾಕಬೇಕು. ಹಳೆಯ ಖಾಸಗಿ ಕಾರುಗಳಿಗೆ ಕಪ್ಪು ಹಲಗೆಯಲ್ಲಿ ಬಿಳಿ ಅಕ್ಷರ, ಈಗ ಬಿಳಿ ಹಲಗೆಯಲ್ಲಿ ಕಪ್ಪು. ಕಾಸರಗೋಡು ಜಿಲ್ಲೆಯಾದದ್ದು 1984ರ ಮೇ 24ರಂದು. ಎರಡಕ್ಷರ, ಎರಡಂಕಿಯ ಈಗಿನ ಕ್ರಮ ಬಂದಾಗ ಅದಕ್ಕೆ ಕೆಎಲ್ 14 ಸಿಕ್ಕಿತು. ಹಾಗಾಗಿ 1970ರ ದಶಕದ ಜೀಪಿಗೆ ಕೆಎಲ್ 14 ಹಾಕಿದರೆ ತಪ್ಪಾಗುತ್ತದೆ. ಆರ್‌ಸಿ ಪುಸ್ತಕವೋ ಫೋಟೋವೋ ಸಿಕ್ಕಿದರೆ ಅದರಲ್ಲಿದ್ದಂತೆಯೇ ಹಾಕಿ. ಎರಡೂ ಇಲ್ಲದಿದ್ದರೆ ಖಾಲಿ ಕಪ್ಪು ಹಲಗೆ ಬಿಡಿ.

ಬಸ್ಸಿನಲ್ಲಿ ಇನ್ನೊಂದು ತಮಾಷೆ ಇದೆ. ಕೇರಳ ಸಾರಿಗೆಯ ಬಸ್ಸು ಕಾಸರಗೋಡು ಡಿಪೋದ್ದೇ ಆದರೂ ನಂಬರ್ ಕೆಎಲ್ 15. ರಾಜ್ಯದ ಎಲ್ಲ ಸಾರಿಗೆ ಬಸ್ಸುಗಳಿಗೂ ಅದೊಂದೇ. ತಲಪಾಡಿ ದಾಟಿ ಬರುವ ಕರ್ನಾಟಕದ ಬಸ್ಸಿಗೆ ಆಯಾ ಊರಿನ ನಂಬರಿನ ನಂತರ ಎಫ್ ಬರುತ್ತದೆ, ಮಂಗಳೂರಿನದಾದರೆ ಕೆಎ 19 ಎಫ್. ಇದನ್ನು ಸರಿಯಾಗಿ ಹಾಕಿದರೆ ನೋಡಿದ ಬಸ್ ಹುಚ್ಚರು ನಿಮ್ಮನ್ನು ತಮ್ಮವರೆಂದು ಒಪ್ಪಿಕೊಳ್ಳುತ್ತಾರೆ.

ಜೂನ್‌ನಿಂದ ಸೆಪ್ಟೆಂಬರ್ ತನಕ

ಬೇರೆ ಊರಿನವರು ಬರೆದ ಸಲಹೆಗಳಲ್ಲಿ ಧೂಳಿನ ಬಗ್ಗೆ ಪುಟಗಟ್ಟಲೆ ಇರುತ್ತದೆ. ನಮಗೆ ಧೂಳು ದೊಡ್ಡದಲ್ಲ, ಮಳೆ ದೊಡ್ಡದು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಸುರಿಯುವ ಊರಿನಲ್ಲಿ ಚಪ್ಪಲಿಗೆ, ಬೆಲ್ಟಿಗೆ, ಮದುವೆ ಆಲ್ಬಮ್ಮಿಗೆ ಬೂಸ್ಟು ಹಿಡಿಯುವ ಹಾಗೆ ಕಾರಿನ ಡಬ್ಬಿಗೂ ಹಿಡಿಯುತ್ತದೆ. ಸತುವಿನ ಮೈಗೆ ತುಕ್ಕು ಬರುವುದಿಲ್ಲ, ಬಣ್ಣ ಹೋದಲ್ಲಿ ಬಿಳಿ ಪುಡಿ ಏಳುತ್ತದೆ. ತುಕ್ಕು ಬರುವುದು ಉಕ್ಕಿನ ಅಚ್ಚುಗಡ್ಡಿಗೆ. ಕಡಲ ಪಕ್ಕದ ಮಂಜೇಶ್ವರ, ಉಪ್ಪಳದ ಮನೆಗಳಲ್ಲಿ ಉಪ್ಪು ಗಾಳಿ ಬೇರೆ.

ಶೋಕೇಸನ್ನು ಪಡುವಣ ಗೋಡೆಗೆ ಒರಗಿಸಬೇಡಿ. ಮಳೆ ಹೊಡೆಯುವುದೇ ಆ ಕಡೆಯಿಂದ, ಗೋಡೆ ತಿಂಗಳುಗಟ್ಟಲೆ ಒದ್ದೆ. ಒಳಗೋಡೆಗೆ ಇಡಿ, ಅಲ್ಲೂ ನಾಲ್ಕು ಬೆರಳು ಬಿಟ್ಟು. ಅಡಿಗೆಮನೆಗೂ ದೇವರಕೋಣೆಗೂ ದೂರ ಇರಲಿ, ಹೊಗೆಯ ಜಿಡ್ಡು ಕೂತರೆ ತೆಗೆಯುವುದು ಕಷ್ಟ. ನೇರ ಬಿಸಿಲೂ ಬೇಡ. ಕೆಂಪು ಬಣ್ಣ ಮೊದಲು ಮಾಸುತ್ತದೆ, ಪ್ಯಾಕೆಟ್ಟಿನ ಪ್ಲಾಸ್ಟಿಕ್ ಹಳದಿಯಾಗುತ್ತದೆ.

ಒಳಗೆ ಸಿಲಿಕಾ ಜೆಲ್ ಇಡಿ. ಕಿತ್ತಳೆ ಬಣ್ಣದ್ದು ಕೊಳ್ಳಿ. ತೇವ ಹೀರಿದಾಗ ಅದು ಹಸಿರಾಗುತ್ತದೆ. ನೀಲಿಯಿಂದ ಗುಲಾಬಿಯಾಗುವ ಬಗೆಯಲ್ಲಿ ಕೋಬಾಲ್ಟ್ ಇರುತ್ತದೆ, ಮಕ್ಕಳಿರುವ ಮನೆಗೆ ಅದು ಬೇಡ. ಬಣ್ಣ ಬದಲಾದಾಗ ಎಸೆಯಬೇಕಾಗಿಲ್ಲ. ಅಡಿಗೆಗೆ ಬಳಸದ ತಟ್ಟೆಯಲ್ಲಿ ಹರಡಿ, ಓವನ್ನಿನಲ್ಲಿ 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಇಟ್ಟರೆ ಮತ್ತೆ ಮೊದಲಿನಂತಾಗುತ್ತದೆ. ತೇವ ಅಳೆಯುವ ಪುಟ್ಟ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಶೋಕೇಸಿನೊಳಗೆ ಶೇ. 50ರ ಆಸುಪಾಸು ತೋರಿಸಿದರೆ ನಿಶ್ಚಿಂತೆಯಿಂದ ನಿದ್ದೆ ಮಾಡಿ.

ಬಟ್ಟೆಯ ಕಪಾಟಿಗೆ ಹಾಕುವ ನುಸಿಗುಳಿಗೆ ಇದೆಯಲ್ಲ, ಅದನ್ನು ಮಾತ್ರ ಕಾರಿನ ಹತ್ತಿರ ತರಬೇಡಿ. ಅಮ್ಮಂದಿರು ಒಳ್ಳೆಯ ಮನಸ್ಸಿನಿಂದಲೇ ಎರಡು ಗುಳಿಗೆ ಎಸೆದು ಹೋಗುತ್ತಾರೆ. ಆ ಆವಿಗೆ ಕೆಲವು ಬಗೆಯ ಪ್ಲಾಸ್ಟಿಕ್ ಮೆತ್ತಗಾಗುತ್ತದೆ, ಕಿಟಕಿಯ ಗಾಜು ಮಂಕಾಗುತ್ತದೆ.

ಜಾಸ್ತಿ ಬೆಲೆಯ, ಇಲ್ಲವೇ ಜಾಸ್ತಿ ಪ್ರೀತಿಯ ಗಾಡಿಗಳನ್ನು ಮೇ ಕೊನೆಗೆ ರಬ್ಬರ್ ಅಂಚಿನ, ಗಾಳಿಯಾಡದ ಅಡಿಗೆಮನೆ ಡಬ್ಬಿಗೆ ವರ್ಗಾಯಿಸಿ. ಸೋಫಾಕ್ಕೆ ಹಾಕುವಂಥ ಸ್ಪಂಜಿನಲ್ಲಿ ಸುತ್ತಬೇಡಿ, ಕೆಲವು ವರ್ಷಕ್ಕೆ ಅದು ಕರಗಿ ಮೈಗೆ ಅಂಟುತ್ತದೆ. ತೊಳೆದು ಒಣಗಿಸಿದ ಹಳೆ ಹತ್ತಿ ಪಂಚೆಯ ತುಂಡು ಒಳ್ಳೆಯದು. ಮೆತ್ತನೆಯ ಟೈರಿನ ಕಾರನ್ನು ಪ್ಲಾಸ್ಟಿಕ್ ತಳದ ಮೇಲೆ ವರ್ಷಗಟ್ಟಲೆ ಬಿಟ್ಟರೆ ಟೈರಿನಲ್ಲಿರುವ ಎಣ್ಣೆಯಂಶ ತಳವನ್ನು ಕರಗಿಸುತ್ತದೆ. ಚಕ್ರದಡಿಗೆ ತೆಳು ಕಾಗದ ಇಡಿ. ನವರಾತ್ರಿಯ ಹೊತ್ತಿಗೆ ಎಲ್ಲವನ್ನೂ ಹೊರಗೆ ತೆಗೆಯಬಹುದು. ಆಯುಧಪೂಜೆಯ ದಿನ ನಿಜವಾದ ಗಾಡಿಯ ಪಕ್ಕದಲ್ಲಿ ಇವಕ್ಕೂ ಒಂದೊಂದು ಹೂ ಇಡುವವರನ್ನು ನಾನು ನೋಡಿದ್ದೇನೆ. ಹೂ ಪ್ಲಾಸ್ಟಿಕ್ಕಿನದಾದರೆ ಒಳ್ಳೆಯದು, ಕುಂಕುಮ ಬೇಡ.

ಚೀಟಿ

ಪ್ರತಿ ಗಾಡಿಗೂ ಒಂದು ಚೀಟಿ ಬೇಕು. ಮಾದರಿಯ ಕಂಪನಿ, ಅಳತೆ, ಎಲ್ಲಿ ಸಿಕ್ಕಿತು, ಎಷ್ಟು ಕೊಟ್ಟಿರಿ ಎಂಬುದು ಒಂದು ಬದಿಯಲ್ಲಿ. ಇನ್ನೊಂದು ಬದಿಯಲ್ಲಿ ಅದು ಯಾರ ಗಾಡಿ, ಯಾವ ನೆನಪು, ಯಾರು ಹೇಳಿದ್ದು. ಚೆಂದದ ವಾಕ್ಯ ಬೇಕಾಗಿಲ್ಲ. ನನ್ನ ಅಂಬಾಸಿಡರಿನ ಚೀಟಿ ಹೀಗಿದೆ:

"ಬಿಳಿ ಅಂಬಾಸಿಡರ್. ಬಾಡಿಗೆ ಕಾರು, ಮುಳ್ಳೇರಿಯದಿಂದ ಬಂದದ್ದು. ಅತ್ತೆಯ ಮದುವೆ. ದಿಬ್ಬಣ ಹೊರಡುವಾಗ ಸ್ಟಾರ್ಟ್ ಆಗಲಿಲ್ಲ. ಗಂಡಿನ ಕಡೆಯವರು ತಳ್ಳಿದರು. ಹೇಳಿದವರು ದೊಡ್ಡಮ್ಮ. ಭಾವನ ಪ್ರಕಾರ ತಳ್ಳಿದ್ದು ಹೆಣ್ಣಿನ ಕಡೆಯವರು."

ಹೀಗೆ ಎರಡು ಮಾತು ಬಂದರೆ ಎರಡನ್ನೂ ಬರೆಯಿರಿ, ತೀರ್ಪು ಕೊಡಲು ಹೋಗಬೇಡಿ. ಹೇಳಿದವರ ಹೆಸರು, ತಾರೀಕು ತಪ್ಪಿಸಬೇಡಿ. ಮಾದರಿ ನಿಜವಾದದ್ದಲ್ಲ, ನೆಂಟನದ್ದು ಎಂದಾದರೆ ಅದನ್ನೂ ಬರೆಯಿರಿ: "ಇದು ಫಿಯೆಟ್ 1100, ನಮ್ಮದು ಪದ್ಮಿನಿ." ಜೆಲ್ ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ, ಪೆನ್ಸಿಲಿನಲ್ಲಿ ಬರೆದದ್ದು ಹಾಗೇ ಉಳಿಯುತ್ತದೆ. ಚೀಟಿಯ ಫೋಟೋ ತೆಗೆದು ರೆಕಾರ್ಡಿಂಗ್ ಜೊತೆ ಒಂದೇ ಫೋಲ್ಡರಿನಲ್ಲಿ ಇಡಿ, ಮನೆಯ ಇನ್ನೊಬ್ಬರ ಫೋನಿಗೂ ಕಳಿಸಿ. ಹೊರಗೆ ಎಲ್ಲಾದರೂ ಹಾಕುವಾಗ ಈಗಲೂ ಓಡುತ್ತಿರುವ ಗಾಡಿಯ ನಂಬರ್ ಮಸುಕು ಮಾಡಿ.

ಮಕ್ಕಳು ಬಂದಾಗ

ಬೀಗ ಹಾಕಿ ಕೂತರೆ ರಜೆಯಲ್ಲಿ ಬರುವ ಮಕ್ಕಳಿಗೆ ಇದರ ಮೇಲೆ ದ್ವೇಷ ಹುಟ್ಟುತ್ತದೆ. ಕೆಳಗಿನ ತಟ್ಟನ್ನು ಅವರಿಗೆ ಬಿಡಿ. ಸೆಂಟಿ ಆಟೋ, ಸಾಮಾನ್ಯ ಹಾಟ್ ವೀಲ್ಸ್, ಜಾತ್ರೆಯ ಪ್ಲಾಸ್ಟಿಕ್ ಲಾರಿ ಅಲ್ಲಿರಲಿ. ಮೂರು ವರ್ಷಕ್ಕಿಂತ ಸಣ್ಣವರಿಗೆ ಕನ್ನಡಿ, ಚಕ್ರ ಕಳಚಿ ಬರುವಂಥದ್ದು ಕೊಡಬೇಡಿ, ಬಾಯಿಗೆ ಹೋಗುತ್ತದೆ. ತೀರಾ ಹಳೆಯ ಕಾರುಗಳ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇದೆ, ಅವು ಮೇಲಿನ ತಟ್ಟಿನಲ್ಲಿರಲಿ. ಕಾಗದದ ಟರ್ಪಾಲಿನ ಜೀಪು ಅದಕ್ಕಿಂತಲೂ ಮೇಲೆ. ಸುರುಳಿ ಸುತ್ತಿದ ಪರದೆ ಬಿಚ್ಚುತ್ತದಾ ಎಂದು ಎಳೆದು ನೋಡದ ಮಗುವನ್ನು ನಾನಿನ್ನೂ ಕಂಡಿಲ್ಲ.